ಕುಡಿದಿರಲಿಲ್ಲ, ಆದರೂ ಮಷಿನ್ ಕೂಗಿತು: ರಾತ್ರಿ ಗಾಡಿ ನಿಲ್ಲಿಸಿದಾಗ ಪೊಲೀಸರು ಏನೇನು ನೋಡುತ್ತಾರೆ?

ಕೆಂಗೇರಿ_ಸೆಕೆಂಡ್_ಶಿಫ್ಟ್

ಎಲ್ಲರಿಗೂ ನಮಸ್ಕಾರ. ಮೊನ್ನೆ ಶುಕ್ರವಾರ ರಾತ್ರಿ ಆದದ್ದನ್ನು ಬರೆಯುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ತಿಳಿಸಿ.

ನನ್ನದು ಸೆಕೆಂಡ್ ಶಿಫ್ಟ್. ರಾತ್ರಿ 11:20ಕ್ಕೆ ಆಫೀಸ್ ಬಿಟ್ಟೆ. ಒಂದು ವಾರದಿಂದ ಕೆಮ್ಮು. ಅಮ್ಮ ದ್ರಾಕ್ಷಾರಿಷ್ಟದ ಬಾಟಲಿ ಬ್ಯಾಗಿಗೆ ಹಾಕಿ ಕಳಿಸಿದ್ದರು. ಪಾರ್ಕಿಂಗ್‌ನಲ್ಲೇ ನಿಂತು ಎರಡು ಮುಚ್ಚಳ ಕುಡಿದೆ, ಹೆಲ್ಮೆಟ್ ಹಾಕಿಕೊಂಡು ಹೊರಟೆ. ಐದಾರು ನಿಮಿಷಕ್ಕೆ ಮೈಸೂರು ರಸ್ತೆಯಲ್ಲಿ ಬ್ಯಾರಿಕೇಡ್. ಟಾರ್ಚ್ ಬೀಸಿ ಪಕ್ಕಕ್ಕೆ ನಿಲ್ಲಿಸಿದರು. ಸಣ್ಣ ಮಷಿನ್ ಬಾಯಿ ಹತ್ತಿರ ಹಿಡಿದು 'ಊದಿ' ಅಂದರು. ಊದಿದೆ. ಕುಯ್ ಅಂತ ಕೂಗಿತು, ಕೆಂಪು ಲೈಟ್ ಬಂತು.

ನಾನು ಜೀವಮಾನದಲ್ಲಿ ಒಂದು ಬಿಯರ್ ಕುಡಿದವನಲ್ಲ. ಕೈಕಾಲು ತಣ್ಣಗಾಯಿತು. ಹಿಂದಿನ ಗಾಡಿಯವರೆಲ್ಲ ನೋಡುತ್ತಿದ್ದರು. ಬಾಟಲಿ ತೆಗೆದು ತೋರಿಸಿದೆ. ಅಲ್ಲಿದ್ದ ಅಧಿಕಾರಿ ಲೇಬಲ್ ಓದಿದರು, ನೀರು ಕುಡಿಯಲು ಹೇಳಿದರು, ಕಾಲು ಗಂಟೆ ಕೂರಿಸಿದರು. ಆಮೇಲೆ ದೊಡ್ಡ ಮಷಿನ್‌ಗೆ ಹೊಸ ಪೈಪ್ ಹಾಕಿ ಊದಿಸಿದರು. ಸೊನ್ನೆ. 'ಹೋಗ್ಬನ್ನಿ' ಅಂದರು, ಅಷ್ಟೇ.

ಆ ಕಾಲು ಗಂಟೆ ಅವರು ನನ್ನನ್ನು ಬಿಟ್ಟೂ ಬಿಡದೆ ನೋಡುತ್ತಿದ್ದರು. ಎಲ್ಲಿ ಕೆಲಸ, ಊಟ ಆಯ್ತಾ, ಮನೆ ಎಲ್ಲಿ ಅಂತ ಸುಮ್ನೆ ಮಾತಾಡಿಸುತ್ತಿದ್ದರು. ಅವರು ನಿಜವಾಗಿ ನೋಡುವುದೇನು? ಆ ಅಧಿಕಾರಿ ಅಷ್ಟು ತಾಳ್ಮೆ ತೋರಿಸದೇ ಇದ್ದಿದ್ದರೆ ನನ್ನ ಗತಿ ಏನು?

ನಿವೃತ್ತ_ಖಾಕಿ

ನಾನು ಟ್ರಾಫಿಕ್‌ನಲ್ಲಿ ಎ.ಎಸ್.ಐ. ಆಗಿ ನಿವೃತ್ತನಾದವನು. ಜಾಸ್ತಿ ವರ್ಷ ಮೈಸೂರಿನಲ್ಲೇ ಕಳೆದೆ. ನಿಮ್ಮ ಪ್ರಶ್ನೆಗೆ ಬಿಡಿಸಿ ಹೇಳುತ್ತೇನೆ.

ನಮ್ಮ ನೋಟ ಗಾಡಿ ನಿಲ್ಲುವ ಮೊದಲೇ ಶುರುವಾಗುತ್ತದೆ. ಬ್ಯಾರಿಕೇಡ್‌ನಿಂದ ನೂರು ಮೀಟರ್ ಆಚೆ ಒಬ್ಬ ಹುಡುಗನನ್ನು ನಿಲ್ಲಿಸಿರುತ್ತೇವೆ. ಅವನ ಕೆಲಸ ಬರುವ ಗಾಡಿಗಳನ್ನು ನೋಡುವುದು ಮಾತ್ರ. ನಮ್ಮನ್ನು ಕಂಡು ಗಕ್ಕನೆ ಬ್ರೇಕ್ ಹಾಕುವವರು, ಹೆಡ್‌ಲೈಟ್ ಆರಿಸುವವರು, ಯೂ ಟರ್ನ್ ಹೊಡೆಯುವವರು, ಗಾಡಿ ಪಕ್ಕಕ್ಕೆ ಹಾಕಿ ಪೆಟ್ರೋಲ್ ಖಾಲಿ ಅಂತ ತಳ್ಳಿಕೊಂಡು ಬರುವವರು. ಖಾಲಿ ರಸ್ತೆಯಲ್ಲಿ ಇಪ್ಪತ್ತರ ಸ್ಪೀಡ್‌ನಲ್ಲಿ ಬಿಳಿ ಗೆರೆ ಹಿಡಿದುಕೊಂಡು ಬರುವವರನ್ನೂ ಅಷ್ಟೇ ಗಮನವಿಟ್ಟು ನೋಡುತ್ತೇವೆ. ಜೋರಾಗಿ ಓಡಿಸುವವನು ಮಾತ್ರ ಕುಡಿದಿರುತ್ತಾನೆ ಅಂದುಕೊಂಡರೆ ತಪ್ಪು. ಕುಡಿದವನಿಗೆ ತಾನು ಸರಿಯಾಗಿ ಓಡಿಸುತ್ತಿದ್ದೇನೆ ಅಂತ ತೋರಿಸುವ ಆತುರ ಇರುತ್ತದೆ.

ಗಾಡಿ ನಿಂತ ಮೇಲೆ ನಾನು ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದೆ. ಬೈಕಿನವನು ಸೈಡ್ ಸ್ಟ್ಯಾಂಡ್ ಹಾಕುವುದನ್ನು ನೋಡಿ. ದಿನಾ ಹತ್ತು ಸಲ ಮಾಡುವ ಕೆಲಸ, ಕಾಲು ತಾನಾಗಿಯೇ ಹುಡುಕಿಕೊಂಡು ಹೋಗಬೇಕು. ಕುಡಿದವನ ಕಾಲು ಸ್ಟ್ಯಾಂಡಿಗೆ ಎರಡು ಮೂರು ಸಲ ತಪ್ಪುತ್ತದೆ, ಆಮೇಲೆ ಬಗ್ಗಿ ನೋಡುತ್ತಾನೆ. ಕಾರಿನವನಾದರೆ ಇಳಿಯುವಾಗ ಬಾಗಿಲ ಅಂಚು ಹಿಡಿದ ಕೈ ಬಿಡುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ನಾಲ್ಕೂ ಕಿಟಕಿ ಇಳಿಸಿಕೊಂಡು ಬರುವ ಕಾರು ಕಂಡರೆ ನನಗೆ ವಾಸನೆ ಬರುವ ಮೊದಲೇ ಅನುಮಾನ ಬರುತ್ತಿತ್ತು.

ಮಾತಾಡಿಸುವುದೂ ಸುಮ್ನೆ ಅಲ್ಲ. ಡಿ.ಎಲ್. ಕೊಡಿ ಅಂತ ಕೇಳಿ, ಅವರು ಪರ್ಸ್ ಹುಡುಕುತ್ತಿರುವಾಗಲೇ ಎಲ್ಲಿಂದ ಬಂದಿರಿ ಅಂತ ಕೇಳುತ್ತೇವೆ. ಎರಡು ಕೆಲಸ ಒಟ್ಟಿಗೆ. ಹೊಟ್ಟೆಯಲ್ಲಿ ಎಣ್ಣೆ ಇದ್ದರೆ ಒಂದು ನಿಂತುಹೋಗುತ್ತದೆ. ಕೈ ಹುಡುಕುವುದನ್ನು ಬಿಟ್ಟು ಮಾತಾಡುತ್ತಾರೆ, ಇಲ್ಲವೇ ಮಾತು ಬಿಟ್ಟು ಹುಡುಕುತ್ತಾರೆ. ಡಿ.ಎಲ್. ಬದಲು ಎ.ಟಿ.ಎಂ. ಕಾರ್ಡ್ ಕೊಟ್ಟವರು ಲೆಕ್ಕವಿಲ್ಲ.

ಇನ್ನು ಕೆಂಪು ಕಣ್ಣು. ಇದನ್ನು ನಾನು ತಪ್ಪಿನಿಂದ ಕಲಿತೆ. ಒಂದು ರಾತ್ರಿ ಒಬ್ಬ ಹುಡುಗನ ಕಣ್ಣು ಕೆಂಡದ ಹಾಗೆ ಇತ್ತು, ನೀರು ಸುರಿಯುತ್ತಿತ್ತು, ಲೈಟಿಗೆ ಮುಖ ತಿರುಗಿಸುತ್ತಿದ್ದ. ಕುಡಿದಿದ್ದೀಯ ಅಂತ ನಾನು ಗದರಿದೆ. ಊದಿಸಿದರೆ ಸೊನ್ನೆ. ಅವನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಮಾಡುವವನು, ಡಬಲ್ ಡ್ಯೂಟಿ ಮುಗಿಸಿ ಬರುತ್ತಿದ್ದ. ಆವತ್ತಿನಿಂದ ಕಣ್ಣು ನೋಡಿ ಮಾತು ಬಿಡುವುದನ್ನು ನಿಲ್ಲಿಸಿದೆ. ವಾಸನೆ, ಕಣ್ಣು, ಕಾಲು, ಮಾತು, ಇವೆಲ್ಲ ಊದಿಸಲು ಕಾರಣ ಆಗಬಹುದು. ಕೇಸ್ ಹಾಕುವುದು ಮಷಿನ್‌ನ ನಂಬರ್ ನೋಡಿಯೇ.

ರೂಲ್ಸ್_ಕೇಳೋಣ

ಸರ್, ಹಾಗಾದರೆ ಅನುಮಾನ ಇಲ್ಲದೆ ಸಾಲಾಗಿ ಎಲ್ಲರನ್ನೂ ಊದಿಸುವುದು ಸರಿಯೇ? ಬರೀ ಡಾಕ್ಯುಮೆಂಟ್ ನೋಡಲು ಗಾಡಿ ನಿಲ್ಲಿಸಬಾರದು ಅಂತ ಡಿ.ಜಿ.ಪಿ.ಯೇ ಹೇಳಿದ್ದರಲ್ಲ?

ಹಾಸನದ_ವಕೀಲ

ನಾನು ಉತ್ತರಿಸುತ್ತೇನೆ. 2022ರ ಜೂನ್‌ನಲ್ಲಿ ಆಗಿನ ಡಿ.ಜಿ.ಪಿ. ಪ್ರವೀಣ್ ಸೂದ್ ಹೇಳಿದ್ದು ನಿಜ. ಕಣ್ಣಿಗೆ ಕಾಣುವ ತಪ್ಪು ಮಾಡದ ಹೊರತು ದಾಖಲೆ ನೋಡಲೆಂದೇ ಗಾಡಿ ತಡೆಯಬಾರದು ಅಂದಿದ್ದರು. ಆದರೆ ಅದೇ ಮಾತಿನಲ್ಲಿ ಒಂದು ವಿನಾಯಿತಿಯನ್ನೂ ಹೇಳಿದ್ದರು: ಕುಡಿದು ಓಡಿಸುವವರ ತಪಾಸಣೆ. ಜನ ಮೊದಲರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ಕಾನೂನು ಅಂದರೆ 1988ರ ಮೋಟಾರು ವಾಹನ ಕಾಯ್ದೆ. ಸೆಕ್ಷನ್ 203ರ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಕುಡಿದಿದ್ದಾನೆ ಅಂತ ಅನುಮಾನ ಪಡಲು ತಕ್ಕ ಕಾರಣ ಇದ್ದರೆ ಉಸಿರಿನ ಪರೀಕ್ಷೆ ಕೇಳಬಹುದು. 'ತಕ್ಕ ಕಾರಣ' ಅನ್ನುವ ಮಾತು ಅಲ್ಲಿ ಇದೆ. ಹಾಗಾಗಿ ಕಣ್ಣು ಮುಚ್ಚಿ ಸಾಲಾಗಿ ಎಲ್ಲರಿಗೂ ಪೈಪ್ ಕೊಡುವುದಕ್ಕಿಂತ, ಖಾಕಿ ಸರ್ ಹೇಳಿದ ಹಾಗೆ ನೋಡಿ, ಮಾತಾಡಿಸಿ, ಆಮೇಲೆ ಊದಿಸುವುದು ಸರಿಯಾದ ಕ್ರಮ ಅಂತ ನನ್ನ ಅಭಿಪ್ರಾಯ. ಆದರೆ ಬ್ಯಾರಿಕೇಡ್ ಹತ್ತಿರ ಈ ವಾದ ಹೂಡಿ ಗೆದ್ದವರನ್ನು ನಾನು ಕಂಡಿಲ್ಲ. ಕುಡಿದಿಲ್ಲದಿದ್ದರೆ ಊದಿ, ಅರ್ಧ ನಿಮಿಷದ ಕೆಲಸ.

ಸೆಕ್ಷನ್ 185 ಮುಖ್ಯವಾದದ್ದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯಸಾರ ಇದ್ದರೆ ಅಪರಾಧ. ಓಡಿಸುವುದು ಮಾತ್ರವಲ್ಲ, ಓಡಿಸಲು ಪ್ರಯತ್ನಿಸುವುದೂ ಸೇರುತ್ತದೆ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲ ಸಿಕ್ಕರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಅದಕ್ಕೆ ಮೊದಲು ಮೊದಲ ತಪ್ಪಿಗೆ 2,000 ರೂಪಾಯಿವರೆಗೆ ಇತ್ತು. ಇದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಕೇಸ್ ಅಲ್ಲ. ಕೋರ್ಟಿಗೆ ಹೋಗಲೇಬೇಕು. ಯಾರಾದರೂ ಅಲ್ಲೇ ಕೈಗೆ ದುಡ್ಡು ಕೇಳಿದರೆ ಕೊಡಬೇಡಿ, ನೋಟಿಸ್ ಕೇಳಿ. ನೀವಾಗಿ ಕೊಡಲು ಹೋಗಲೂ ಬೇಡಿ.

ಧಾರವಾಡದ_ಹುಡುಗಿ

ನನಗೊಂದು ಡೌಟ್. ನಾನು ರಾತ್ರಿ ಸ್ಕೂಟಿಯಲ್ಲಿ ಒಬ್ಬಳೇ ಬರುತ್ತೇನೆ. ಹೆಣ್ಣುಮಕ್ಕಳನ್ನೂ ಹೀಗೇ ಊದಿಸುತ್ತಾರಾ? ಮಹಿಳಾ ಪೊಲೀಸ್ ಇರಲೇಬೇಕಲ್ವಾ? ಮತ್ತೆ ನಾನು ಊದುವುದಿಲ್ಲ ಅಂದರೆ ಏನು ಮಾಡಬಹುದು?

ಹಾಸನದ_ವಕೀಲ

ಉಸಿರಿನ ಪರೀಕ್ಷೆಗೆ ಮಹಿಳಾ ಪೊಲೀಸ್ ಇರಲೇಬೇಕು ಅಂತ ಸೆಕ್ಷನ್ 203ರಲ್ಲಿ ಬರೆದಿಲ್ಲ. ಇದ್ದರೆ ಒಳ್ಳೆಯದು, ಕೇಳುವುದರಲ್ಲಿ ತಪ್ಪೇನಿಲ್ಲ. ರಕ್ತ ತೆಗೆಯುವ ಹಂತ ಬಂದರೆ ಬೇರೆ ಮಾತು. ಡಾಕ್ಟರ್ ಗಂಡಸಾಗಿದ್ದರೆ ಒಬ್ಬ ಹೆಣ್ಣುಮಗಳು ಹತ್ತಿರ ಇರಲೇಬೇಕು ಅಂತ ಸೆಕ್ಷನ್ 204ರಲ್ಲಿ ಸ್ಪಷ್ಟವಾಗಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವುದು ವಿಶೇಷ ಸಂದರ್ಭದಲ್ಲಿ ಮಾತ್ರ. ಅದಕ್ಕೂ ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಮುಂಚಿನ ಅನುಮತಿ ಬೇಕು.

ಊದುವುದಿಲ್ಲ ಅಂತ ಹಟ ಹಿಡಿದರೆ ಬಚಾವಾಗಬಹುದು ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು. ಅನುಮಾನ ಇದ್ದು ನೀವು ನಿರಾಕರಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಸ್ಟೇಷನ್‌ಗೆ ಹೋದ ಮೇಲೆ ಇನ್ನೊಮ್ಮೆ ಊದಲು ಅವಕಾಶ ಕೊಡಬೇಕು. ಆಗಲೂ ಇಲ್ಲ ಅಂದರೆ ರಕ್ತ ಪರೀಕ್ಷೆ ಕೇಳಬಹುದು. ಸೆಕ್ಷನ್ 205ರ ಪ್ರಕಾರ ಕಾರಣವಿಲ್ಲದ ನಿರಾಕರಣೆಯನ್ನು ನಿಮ್ಮ ವಿರುದ್ಧವೇ ಕೋರ್ಟ್ ಪರಿಗಣಿಸಬಹುದು.

ನಿಮ್ಮ ಪರವಾಗಿ ಇರುವುದನ್ನೂ ಹೇಳುತ್ತೇನೆ. ಪೈಪ್ ಹೊಸದಾಗಿರಲಿ, ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಲಿ. ಊದುವ ಮೊದಲು ಸ್ಕ್ರೀನ್‌ನಲ್ಲಿ ಸೊನ್ನೆ ಇದೆಯಾ ನೋಡಿ. ಪ್ರಿಂಟ್ ಬಂದ ಚೀಟಿಯಲ್ಲಿ ನಂಬರ್, ಟೈಮ್, ಮಷಿನ್ ಸೀರಿಯಲ್ ನಂಬರ್ ಓದಿ, ಆಮೇಲೆ ಸೈನ್ ಮಾಡಿ. ನಂಬಿಕೆ ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಆಗಲೇ ಕೇಳಿ. ಡಿ.ಎಲ್., ಆರ್.ಸಿ. ಡಿಜಿಲಾಕರ್‌ನಲ್ಲಿ ತೋರಿಸಿದರೆ ಸಾಕು.

ಕ್ಯಾಶುವಾಲ್ಟಿ_ನೈಟ್_ಡ್ಯೂಟಿ

ನಾನು ಡಾಕ್ಟರ್. ಪೊಲೀಸರು ರಾತ್ರಿ ಕರೆತರುವವರನ್ನು ನೋಡುವ ಕೆಲಸ ವರ್ಷಗಟ್ಟಲೆ ಮಾಡಿದ್ದೇನೆ.

ಮೊದಲು ನಿಮ್ಮ ಅರಿಷ್ಟದ ವಿಷಯ. ಅರಿಷ್ಟ, ಆಸವಗಳು ಹುದುಗು ಬರಿಸಿ ಮಾಡುವ ಔಷಧ. ಅದರೊಳಗೇ ಮದ್ಯಸಾರ ಹುಟ್ಟುತ್ತದೆ, ಲೇಬಲ್‌ನಲ್ಲೂ ಬರೆದಿರುತ್ತಾರೆ. ಎರಡು ಮುಚ್ಚಳದಿಂದ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಆದರೆ ಕುಡಿದ ತಕ್ಷಣ ಬಾಯಿ, ಗಂಟಲಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಮಷಿನ್‌ಗೆ ಬೇಕಾದದ್ದು ಶ್ವಾಸಕೋಶದ ಆಳದ ಗಾಳಿ. ಅದಕ್ಕೆ ಸಿಕ್ಕಿದ್ದು ನಿಮ್ಮ ಬಾಯಿಯ ಆವಿ. ಕೆಲವು ಮೌತ್‌ವಾಶ್, ಕೆಮ್ಮಿನ ಸಿರಪ್‌ಗಳಿಂದಲೂ ಹೀಗಾಗುತ್ತದೆ. ಕಾಲು ಗಂಟೆಯಲ್ಲಿ ಬಾಯಿಯದ್ದು ಆರಿಹೋಗುತ್ತದೆ. ಆ ಅಧಿಕಾರಿ ಮಾಡಿದ್ದು ನೂರಕ್ಕೆ ನೂರು ಸರಿ.

ಇದರಿಂದಲೇ ಇನ್ನೊಂದು ತಿಳಿಯುತ್ತದೆ. ಪಾನ್, ಏಲಕ್ಕಿ, ಈರುಳ್ಳಿ, ಚ್ಯೂಯಿಂಗ್ ಗಮ್ ತಿಂದರೆ ಮಷಿನ್‌ಗೆ ಗೊತ್ತಾಗುವುದಿಲ್ಲ ಅನ್ನುವುದು ಬರೀ ಭ್ರಮೆ. ಮೂಗಿಗೆ ಬರುವ ವಾಸನೆ ಮುಚ್ಚಬಹುದು. ರಕ್ತದಿಂದ ಶ್ವಾಸಕೋಶಕ್ಕೆ ಬರುವುದನ್ನು ಏನು ತಿಂದರೂ ತಡೆಯಲಾಗದು.

ನಮ್ಮ ಹತ್ತಿರ ಕರೆತಂದಾಗ ನಾವು ನೋಡುವುದು: ಉಸಿರು, ಕಣ್ಣಿನ ಕೆಂಪು, ಪಾಪೆಯ ಅಗಲ, ನಾಡಿ, ಮಾತು, ನಡಿಗೆ. ಕಣ್ಣು ಮುಚ್ಚಿ ಪಾದ ಜೋಡಿಸಿ ನಿಲ್ಲಲು ಹೇಳುತ್ತೇವೆ. ಬೆರಳಿನಿಂದ ಮೂಗಿನ ತುದಿ ಮುಟ್ಟಿಸುತ್ತೇವೆ. ಒಂದು ಸಾಲು ಬರೆಸಿ ಸೈನ್ ಹಾಕಿಸುತ್ತೇವೆ. ಇವತ್ತು ಯಾವ ವಾರ, ಇದು ಯಾವ ಜಾಗ ಅಂತ ಕೇಳುತ್ತೇವೆ. ರಕ್ತ ತೆಗೆಯುವ ಮೊದಲು ಚರ್ಮಕ್ಕೆ ಸ್ಪಿರಿಟ್ ಹಚ್ಚುವುದಿಲ್ಲ, ಅದೂ ಮದ್ಯಸಾರವೇ ಅಲ್ವಾ. ಸೋಪು ನೀರಿನಲ್ಲಿ ಒರೆಸುತ್ತೇವೆ. ಸೋಡಿಯಂ ಫ್ಲೋರೈಡ್ ಹಾಕಿದ ಬಾಟಲಿಯಲ್ಲಿ ತುಂಬಿ, ಸೀಲ್ ಮಾಡಿ, ಎಫ್.ಎಸ್.ಎಲ್., ಅಂದರೆ ವಿಧಿವಿಜ್ಞಾನ ಲ್ಯಾಬಿಗೆ ಹೋಗುವಂತೆ ಕೊಡುತ್ತೇವೆ.

ಒಂದು ರಾತ್ರಿ ಮರೆಯಲಾರೆ. ಐವತ್ತು ದಾಟಿದ ಮನುಷ್ಯ. ಕಾರು ಡಿವೈಡರ್‌ಗೆ ಉಜ್ಜಿತ್ತು. ಮಾತು ತೊದಲುತ್ತಿತ್ತು, ಬೆವರು ಹರಿಯುತ್ತಿತ್ತು, ಹೆಸರು ಕೇಳಿದರೆ ಸಿಟ್ಟು ಮಾಡುತ್ತಿದ್ದರು. ಕರೆತಂದವರೂ, ಜೊತೆಗೆ ಬಂದ ಜನರೂ ಫುಲ್ ಟೈಟ್ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ವಾಸನೆ ಮಾತ್ರ ಇರಲಿಲ್ಲ. ನರ್ಸ್ ಬೆರಳು ಚುಚ್ಚಿ ಶುಗರ್ ನೋಡಿದರು: 38. ಗ್ಲೂಕೋಸ್ ಏರಿಸಿದ ಹತ್ತು ನಿಮಿಷಕ್ಕೆ ಅವರು ಎದ್ದು ಕೂತು, ನನ್ನ ಕಾರು ಎಲ್ಲಿ ಅಂತ ಕೇಳಿದರು. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದ್ದರು. ಲಾಕಪ್‌ನಲ್ಲಿ ನಿದ್ದೆ ಮಾಡಲಿ ಅಂತ ಬಿಟ್ಟಿದ್ದರೆ ಬೆಳಿಗ್ಗೆಗೆ ಏನಾಗುತ್ತಿತ್ತೋ. ತಲೆಗೆ ಪೆಟ್ಟು ಬಿದ್ದವರೂ ಹೀಗೇ ಕಾಣುತ್ತಾರೆ. ಡಯಾಬಿಟಿಸ್ ಇರುವವರು ಪರ್ಸ್‌ನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ, ಕೈಮುಗಿದು ಕೇಳುತ್ತೇನೆ.

ಹಾಸನದ_ವಕೀಲ

ಡಾಕ್ಟರ್ ಹೇಳಿದ್ದಕ್ಕೆ ಸುಪ್ರೀಂ ಕೋರ್ಟಿನ ಹಳೆಯ ತೀರ್ಪೇ ಇದೆ. 1971ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ಬಾಯಿ ವಾಸನೆ, ತೂರಾಡುವ ನಡಿಗೆ, ಅಗಲವಾದ ಪಾಪೆ ಇಷ್ಟರ ಮೇಲೆ ಕುಡಿದಿದ್ದ ಅಂತ ತೀರ್ಮಾನಿಸಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ಮಾಡಿಸಬೇಕಿತ್ತು ಅಂದಿತು. ಇನ್ನೊಂದು: ಸೆಕ್ಷನ್ 185ಕ್ಕೆ ಸ್ಥಳದಲ್ಲೇ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು ಅಂತ ಸೆಕ್ಷನ್ 202ರಲ್ಲಿದೆ.

ಮುಂಜಾನೆ_ಸಿಕ್ಕವನು

ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ.

ಚಿಕ್ಕಪ್ಪನ ಮಗನ ಬೀಗರೂಟ. ರಾತ್ರಿ 9ಕ್ಕೆ ಕೂತೆವು, 12:30ಕ್ಕೆ ಎದ್ದೆವು. ನಾನು ಮೂರು ನೈಂಟಿ ವಿಸ್ಕಿ ಹಾಕಿದೆ. ರಾತ್ರಿ ಗಾಡಿ ಮುಟ್ಟಲಿಲ್ಲ, ಅಲ್ಲೇ ಮಲಗಿದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಎರಡು ಇಡ್ಲಿ ತಿಂದು, ಕಾಫಿ ಕುಡಿದು, 7 ಗಂಟೆಗೆ ತುಮಕೂರು ಕಡೆ ಹೊರಟೆ. ಹಿಂದಿನ ಸೀಟಿನಲ್ಲಿ ಮಗಳು ಯೂನಿಫಾರ್ಮ್ ಹಾಕಿಕೊಂಡು ಕೂತಿದ್ದಳು, ಸ್ಕೂಲಿಗೆ ಬಿಟ್ಟು ಕೆಲಸಕ್ಕೆ ಹೋಗುವುದಿತ್ತು. ಸ್ಕೂಲ್ ವ್ಯಾನ್‌ಗಳನ್ನು ತಪಾಸಣೆ ಮಾಡುತ್ತಿದ್ದರು. ನನ್ನನ್ನೂ ನಿಲ್ಲಿಸಿದರು. ನನಗೆ ಭಯವೇ ಇರಲಿಲ್ಲ. ಊದಿದೆ. 44 ಬಂತು.

ಮಷಿನ್ ಕೆಟ್ಟಿದೆ ಅಂತ ಜಗಳ ಆಡಿದೆ. ಎರಡನೇ ಸಲ ಊದಿಸಿದರು. 43. ಕಾರು ಅಲ್ಲೇ ಹೋಯಿತು. ಮಗಳ ಕೈ ಹಿಡಿದು ಆಟೋಗೆ ಕಾಯುವಾಗ ಅವಳು ಏನೂ ಕೇಳಲಿಲ್ಲ. ಬ್ಯಾಗಿನ ಪಟ್ಟಿ ಎಳೆಯುತ್ತಾ ನಿಂತಿದ್ದಳು. ದಂಡಕ್ಕಿಂತ, ಲೈಸೆನ್ಸ್ ಸಸ್ಪೆಂಡ್ ಆಗಿದ್ದಕ್ಕಿಂತ ಅದೇ ನನಗೆ ಇನ್ನೂ ಚುಚ್ಚುತ್ತದೆ. ಡಾಕ್ಟರ್, ಆರೂವರೆ ಗಂಟೆ ಆದ ಮೇಲೂ ಹೇಗೆ ಉಳಿಯಿತು?

ಕ್ಯಾಶುವಾಲ್ಟಿ_ನೈಟ್_ಡ್ಯೂಟಿ

ಬರೆದದ್ದು ಒಳ್ಳೆಯದಾಯಿತು. ಲೆಕ್ಕ ನೋಡಿ.

90 ಮಿಲಿ ವಿಸ್ಕಿಯಲ್ಲಿ, ಅಂದರೆ ನಮ್ಮಲ್ಲಿ ಸಿಗುವ 42.8 ಪರ್ಸೆಂಟಿನದರಲ್ಲಿ, ಸುಮಾರು 30 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಸುಮಾರು 70 ಕೆ.ಜಿ. ತೂಕದ ಗಂಡಸಿಗೆ ಅದು ರಕ್ತದಲ್ಲಿ 60ಕ್ಕೂ ಸ್ವಲ್ಪ ಜಾಸ್ತಿ ಏರಿಸುತ್ತದೆ. ಅಂದರೆ ಒಂದೇ ನೈಂಟಿಗೆ ಮಿತಿಯ ಎರಡರಷ್ಟು. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಜಾಸ್ತಿ. ಇಳಿಯುವುದು ಗಂಟೆಗೆ ಸುಮಾರು 15. ಕೆಲವರಲ್ಲಿ 10, ಕೆಲವರಲ್ಲಿ 20. ನೀವು ಏರಿಸಿದ್ದು 190ರ ಹತ್ತಿರ. ರಾತ್ರಿ 9ರಿಂದ ಬೆಳಿಗ್ಗೆ 7ಕ್ಕೆ ಹತ್ತು ಗಂಟೆ, ಇಳಿದದ್ದು 150. ಉಳಿದದ್ದು 40ರ ಆಸುಪಾಸು. ಮಷಿನ್ ಕೆಟ್ಟಿರಲಿಲ್ಲ.

ಸ್ನಾನ, ಕಾಫಿ, ಮಜ್ಜಿಗೆ, ವಾಂತಿ ಯಾವುದೂ ಆ 15ನ್ನು ಜಾಸ್ತಿ ಮಾಡುವುದಿಲ್ಲ. ಕಾಫಿ ಕುಡಿದರೆ ಎಚ್ಚರ ಅನ್ನಿಸುತ್ತದೆ, ಅಷ್ಟೇ. ಲಿವರ್ ತನ್ನ ಪಾಡಿಗೆ ಅದೇ ವೇಗದಲ್ಲಿ ಕೆಲಸ ಮಾಡುತ್ತಿರುತ್ತದೆ.

ಕ್ಯಾಬ್_ಅಣ್ಣ

ನನ್ನದು ಹಳದಿ ಬೋರ್ಡ್, ಏರ್‌ಪೋರ್ಟ್ ಟ್ರಿಪ್ ಜಾಸ್ತಿ. ವಾರಕ್ಕೆ ಎರಡು ಸಲವಾದರೂ ಊದುತ್ತೇನೆ. ಬೇಜಾರಿಲ್ಲ. ರಾತ್ರಿ 2 ಗಂಟೆಗೆ ಬಳ್ಳಾರಿ ರಸ್ತೆಯಲ್ಲಿ ಎದುರಿಗೆ ಬರುವವನೂ ಊದಿ ಬಂದಿದ್ದಾನೆ ಅಂದರೆ ನನಗೆ ಧೈರ್ಯ.

ಒಂದು ಮಾತು. ಬಾರ್ ಮುಂದೆ ಇಳಿಸುವಾಗ, ಕಾರ್ ಇಲ್ಲೇ ಇದೆ, ವಾಪಸ್ ನಾನೇ ಓಡಿಸುತ್ತೇನೆ ಅನ್ನುವ ಸ್ನೇಹಿತರು ಇರುತ್ತಾರೆ. ನಿಮ್ಮ ಕಾರನ್ನೇ ಓಡಿಸಿಕೊಂಡು ಹೋಗುವ ಬಾಡಿಗೆ ಡ್ರೈವರ್, ಅಂದರೆ ಆ್ಯಕ್ಟಿಂಗ್ ಡ್ರೈವರ್ ಕರೆಸಿದರೆ ನಾಲ್ಕೈದು ನೂರಕ್ಕೆ ಮನೆ ಸೇರುತ್ತೀರಿ. ಟೈಟ್ ಆದ ಸ್ನೇಹಿತನ ಕೈಗೆ ಕೀ ಕೊಟ್ಟವನಿಗೂ ಕೇಸ್ ಬೀಳುತ್ತಾ ವಕೀಲರೇ?

ಹಾಸನದ_ವಕೀಲ

ಬೀಳಬಹುದು. ಸೆಕ್ಷನ್ 188 ಇರುವುದೇ ಅದಕ್ಕೆ. 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ.

ಇನ್ಶೂರೆನ್ಸ್ ಬಗ್ಗೆಯೂ ತಿಳಿದುಕೊಳ್ಳಿ. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಷೆ ಕಾರು ಗುದ್ದಿ ಹಾಳಾಯಿತು. ಕಂಪನಿ ಕ್ಲೇಮ್ ಕೊಡಲ್ಲ ಅಂದಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಊದಿಸಿದ ನಂಬರ್ ಇಲ್ಲದಿದ್ದರೂ ಬೇರೆ ಸಾಕ್ಷ್ಯಗಳಿಂದ ಕುಡಿದದ್ದನ್ನು ಸಾಬೀತು ಮಾಡಬಹುದು ಅಂದಿತು. ಕ್ರಿಮಿನಲ್ ಕೇಸಿನಲ್ಲಿ ಬಚಾವಾದವನು ಲಕ್ಷಗಟ್ಟಲೆ ರಿಪೇರಿ ಬಿಲ್ಲನ್ನು ಸ್ವಂತ ಜೇಬಿನಿಂದ ಕಟ್ಟಬೇಕಾಗಿ ಬರಬಹುದು.

ಜರ್ಸಿ_ಕನ್ನಡತಿ

ಅಮೆರಿಕದಿಂದ ಒಂದು ಮಾತು, ಇಲ್ಲಿಗೆ ಬರುವ ನಮ್ಮ ಹುಡುಗರಿಗಾಗಿ. ಇಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಮಿತಿ 0.08, ಯೂಟಾದಲ್ಲಿ 2018ರ ಕೊನೆಯಿಂದ 0.05. ನಮ್ಮೂರಿನದು ಇದೇ ಅಳತೆಯಲ್ಲಿ 0.03. ಮಿತಿ ಜಾಸ್ತಿ ಇದೆಯಲ್ಲ ಅಂತ ಸಡಿಲ ಬಿಡುವವರನ್ನು ನೋಡಿದ್ದೇನೆ.

ಇಲ್ಲಿ ಮಷಿನ್‌ಗೆ ಮೊದಲು ರಸ್ತೆ ಬದಿಯಲ್ಲೇ ಮೂರು ಪರೀಕ್ಷೆ ಮಾಡಿಸುತ್ತಾರೆ. ಕಣ್ಣ ಮುಂದೆ ಪೆನ್ ಆಡಿಸಿ ಗುಡ್ಡೆ ಅದುರುತ್ತದಾ ನೋಡುತ್ತಾರೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿಕೊಂಡು ಗೆರೆ ಮೇಲೆ ಒಂಬತ್ತು ಹೆಜ್ಜೆ ಹೋಗಿ, ತಿರುಗಿ, ಒಂಬತ್ತು ಹೆಜ್ಜೆ ಬರಬೇಕು. ಆಮೇಲೆ ಒಂದು ಕಾಲು ಆರು ಇಂಚು ಎತ್ತಿ ಮೂವತ್ತು ಸೆಕೆಂಡ್ ನಿಲ್ಲಬೇಕು. ಹೇಳಿಕೊಡುವುದು ಮುಗಿಯುವ ಮೊದಲೇ ಹೆಜ್ಜೆ ಇಟ್ಟರೂ ಅದೊಂದು ಗುರುತು ಅಂತ ಬರೆದುಕೊಳ್ಳುತ್ತಾರೆ.

ನಮಗೆ ಇನ್ನೂ ದೊಡ್ಡದು ವೀಸಾ. ನಮಗೆ ಗೊತ್ತಿರುವ ಶಿವಮೊಗ್ಗದ ಹುಡುಗನೊಬ್ಬ ಹೀಗೆ ಅರೆಸ್ಟ್ ಆದ. ಕೇಸ್ ಇನ್ನೂ ಕೋರ್ಟಿನಲ್ಲಿ ಇರುವಾಗಲೇ ವೀಸಾ ರದ್ದು ಅಂತ ಕಾನ್ಸುಲೇಟ್‌ನಿಂದ ಇಮೇಲ್ ಬಂತು. ಊರಿಗೆ ಹೋದರೆ ಹೊಸ ಸ್ಟಾಂಪಿಂಗ್ ಆಗದೆ ವಾಪಸ್ ಬರಲಾಗದು. ಅವನ ತಂದೆಗೆ ಹುಷಾರಿಲ್ಲದಾಗ ಹೋಗಬೇಕೋ ಬೇಡವೋ ಅಂತ ನಮ್ಮನೆ ಸೋಫಾದಲ್ಲಿ ಕೂತು ಅತ್ತ.

ಶಿರಾ_ರಸ್ತೆ

ಇಲ್ಲಿ ಎಲ್ಲರೂ ಸಿಕ್ಕಿಬಿದ್ದವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಇನ್ನೊಂದು ಕಡೆಯವನು.

ನನ್ನ ಅಣ್ಣ ಸೈಕಲ್ ತಳ್ಳಿಕೊಂಡು ರಸ್ತೆ ಅಂಚಿನಲ್ಲಿ ಬರುತ್ತಿದ್ದ. ರಾತ್ರಿ ಹತ್ತರ ಸಮಯ. ಕಾರು ಹಿಂದಿನಿಂದ ಬಂತು. ಅಣ್ಣ ಅಲ್ಲೇ ಹೋದ. ಕಾರಿನಲ್ಲಿದ್ದವನಿಗೆ ನಿಲ್ಲಲೂ ಆಗುತ್ತಿರಲಿಲ್ಲ ಅಂತ ಪಕ್ಕದ ಟೀ ಅಂಗಡಿಯವರು ಹೇಳಿದರು. ಅವನನ್ನು ಊದಿಸಲಿಲ್ಲ. ಮಷಿನ್ ಇಲ್ಲ ಅಂದರು. ಕೈಗೆ ಗಾಯ ಆಗಿದೆ ಅಂತ ಮೊದಲು ಒಂದು ಕಡೆ ಕರೆದುಕೊಂಡು ಹೋದರು, ಆಮೇಲೆ ಇನ್ನೊಂದು ಕಡೆ. ರಕ್ತ ತೆಗೆದದ್ದು ಮಾರನೇ ದಿನ ಬೆಳಿಗ್ಗೆ ಏಳಕ್ಕೆ. ರಿಪೋರ್ಟಿನಲ್ಲಿ 21 ಬಂತು. ಮಿತಿಯ ಒಳಗೆ.

ಡಾಕ್ಟರ್ ಮೇಲೆ ಬರೆದ ಲೆಕ್ಕ ಓದಿ ಎದೆ ಹೊಡೆದುಕೊಂಡಿತು. ಗಂಟೆಗೆ 15 ಅಂದರೆ ಒಂಬತ್ತು ಗಂಟೆಗೆ 135. ಆ ರಾತ್ರಿ ಹತ್ತಕ್ಕೆ ಅವನಲ್ಲಿ ಎಷ್ಟಿತ್ತು?

ಕ್ಯಾಶುವಾಲ್ಟಿ_ನೈಟ್_ಡ್ಯೂಟಿ

ನಿಮ್ಮ ನೋವಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಗಂಟೆಗೆ 10 ಅಂತ ಹಿಡಿದರೂ ನೂರಕ್ಕೂ ಮೇಲೆ ಇದ್ದಿರಬೇಕು, ನಡುವೆ ಮತ್ತೆ ಕುಡಿದಿಲ್ಲ ಅಂತಾದರೆ. ರಕ್ತ ತೆಗೆದ ಟೈಮ್ ಮತ್ತು ಅಪಘಾತದ ಟೈಮ್ ಎರಡೂ ದಾಖಲೆಯಲ್ಲಿದ್ದರೆ ಹಿಂದಕ್ಕೆ ಲೆಕ್ಕ ಹಾಕಿ ತಜ್ಞರು ಕೋರ್ಟಿಗೆ ಹೇಳಬಹುದು.

ಹಾಸನದ_ವಕೀಲ

ಶಿರಾ ಅವರೇ, ಕೇಸ್ ಇನ್ನೂ ನಡೆಯುತ್ತಿದ್ದರೆ ನಿಮ್ಮ ಸರ್ಕಾರಿ ವಕೀಲರಿಗೆ ಈ ಎರಡು ಟೈಮ್ ತೋರಿಸಿ. ಟೀ ಅಂಗಡಿಯವರ ಹೇಳಿಕೆ ದಾಖಲಾಗಿದೆಯಾ ನೋಡಿ. 185 ನಿಲ್ಲದಿದ್ದರೂ ಸಾವಿನ ಕೇಸ್ ಅದರ ಮೇಲೆ ಮಾತ್ರ ನಿಂತಿರುವುದಿಲ್ಲ. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್‌ನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಮಂದಿ ಸತ್ತರು. ಅಲ್ಲಿ ರಕ್ತದ ನಂಬರ್ 112 ಇತ್ತು. ಬರೀ ನಿರ್ಲಕ್ಷ್ಯ ಅಲ್ಲ, ಕೊಲೆಯಲ್ಲದ ನರಹತ್ಯೆ ಅಂತ ಪರಿಗಣಿಸಿ ಕೊಟ್ಟ ಮೂರು ವರ್ಷದ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಿಮ್ಮ ದಾಖಲೆ ನನಗೆ ಮೆಸೇಜ್ ಮಾಡಿ, ಫೀಸ್ ಬೇಡ.

ನಿವೃತ್ತ_ಖಾಕಿ

ಶಿರಾ ಅವರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಈಗ ಡ್ಯೂಟಿಯಲ್ಲಿರುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳುತ್ತೇನೆ. ಉಸಿರಿನ ಪರೀಕ್ಷೆ ಆದಷ್ಟು ಬೇಗ ಮಾಡಿ ಅಂತ ಕಾಯ್ದೆಯಲ್ಲೇ ಬರೆದಿದೆ. ಮಷಿನ್ ಇಲ್ಲದಿದ್ದರೆ ಪಕ್ಕದ ಸ್ಟೇಷನ್‌ನಿಂದ ತರಿಸಿ. ತರಿಸಲು ಆಗದಿದ್ದರೆ ನೋಟ್‌ಬುಕ್ ತೆಗೆಯಿರಿ. ನೋಡಿದ ಟೈಮ್ ಬರೆಯಿರಿ, 'ರಾತ್ರಿ' ಅಂತ ಬೇಡ, 10:07 ಅಂತ ಬರೆಯಿರಿ. ಬಾಗಿಲು ಹಿಡಿದು ನಿಂತಿದ್ದ ಅಂತ ಬರೆಯಿರಿ. ಡಿ.ಎಲ್. ಕೇಳಿದಾಗ ಏನು ಕೊಟ್ಟ ಅಂತ ಬರೆಯಿರಿ. ಬಾಡಿ ಕ್ಯಾಮರಾ ಇದ್ದರೆ ಆನ್ ಮಾಡಿ. ಇಬ್ಬರ ಸಹಿ ಹಾಕಿಸಿ. ನಾವು ಕಣ್ಣಲ್ಲಿ ನೋಡಿದ್ದು ಬೆಳಿಗ್ಗೆ ಏಳು ಗಂಟೆಯ ರಕ್ತದಲ್ಲಿ ಸಿಗುವುದಿಲ್ಲ.

ಮುಂಜಾನೆ_ಸಿಕ್ಕವನು

ಶಿರಾ ಅಣ್ಣ, ನನ್ನನ್ನು ಕ್ಷಮಿಸಿ ಅಂತ ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಆ ದಿನ ನಾನು ಜಗಳ ಆಡಿದ ಆ ಪೊಲೀಸ್ ಹುಡುಗನ ಹತ್ತಿರವೂ ಹೋಗಿ ಕೇಳಬೇಕು.

ಶಿರಾ_ರಸ್ತೆ

ಕೇಸ್ ಇನ್ನೂ ನಡೆಯುತ್ತಿದೆ. ವಕೀಲರೇ, ಮೆಸೇಜ್ ಮಾಡಿದ್ದೇನೆ. ಟೀ ಅಂಗಡಿಯವರ ಹೇಳಿಕೆ ಇದೆ. ಅಪಘಾತದ ಟೈಮ್ ಜಾಗದಲ್ಲಿ 'ರಾತ್ರಿ ಸುಮಾರು' ಅಂತ ಮಾತ್ರ ಇದೆ. 108ಕ್ಕೆ ಫೋನ್ ಮಾಡಿದ್ದು ಅಂಗಡಿಯವರೇ. ಅವರ ಮೊಬೈಲ್‌ನಲ್ಲಿ ಕಾಲ್ ಟೈಮ್ ಇದ್ದಿರಬಹುದು ಅಲ್ವಾ?

ಹಾಸನದ_ವಕೀಲ

ಆ ಮೊಬೈಲ್‌ನಲ್ಲಿ ಅಳಿಸಿಹೋಗಿದ್ದರೂ 108ರ ಕಡೆ ದಾಖಲೆ ಕೇಳಬಹುದು. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.

ಕೆಂಗೇರಿ_ಸೆಕೆಂಡ್_ಶಿಫ್ಟ್

ನಾನು ಕೇಳಿದ್ದು ನನ್ನ ಹದಿನೈದು ನಿಮಿಷದ ಬಗ್ಗೆ. ಶಿರಾ ಅವರು ಬರೆದ ಮೇಲೆ ಆ ಹದಿನೈದು ನಿಮಿಷ ಬೇರೆಯೇ ಆಗಿ ಕಾಣುತ್ತಿದೆ.

ನಿನ್ನೆ ರಾತ್ರಿ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದರು. ಅದೇ ಅಧಿಕಾರಿ. ಗುರುತು ಹಿಡಿದು ಕೆಮ್ಮು ಹೇಗಿದೆ ಅಂತ ಕೇಳಿದರು. ಊದಿದೆ, ಹಸಿರು ಬಂತು. ಅರಿಷ್ಟದ ಬಾಟಲಿ ಈಗ ಮನೆಯಲ್ಲೇ ಇದೆ, ಊಟ ಆದ ಮೇಲೆ ಕುಡಿಯುತ್ತೇನೆ. ಹೊರಡುವಾಗ ಅವರ ಹೆಸರು ಕೇಳಿ, ಥ್ಯಾಂಕ್ಸ್ ಸರ್ ಅಂದೆ. ಅಷ್ಟರಲ್ಲಿ ಹಿಂದೆ ಒಂದು ಬೈಕ್ ಹೆಡ್‌ಲೈಟ್ ಆರಿಸಿತು. ಅವರು ಟಾರ್ಚ್ ಎತ್ತಿಕೊಂಡು ಆ ಕಡೆ ಓಡಿದರು.